ಭಂಡಾರ ಮುಟ್ಟಿದ ಕೈ

ಬೆಟಗೇರಿ
೧೨ ಜುಲೈ ೨೦೨೪

ಬೀರವ್ವ ಅಕ್ಕನವರಿಗೆ ನಿಮ್ಮ ತಮ್ಮನ ಹೆಂಡತಿ ಮಂಜುಳಾ ಮಾಡುವ ಶರಣುಗಳು.

ಕ್ಷೇಮ ಸಮಾಚಾರ ಈ ಸಲ ಬಿಟ್ಟುಬಿಡುತ್ತೇನೆ. ಹಮ್ಮಿಗಿ ಬಸ್ಸಿನಲ್ಲಿ ನೀವು ಕಳಿಸಿದ ಬುತ್ತಿ ಮುಟ್ಟಿತು. ಮಗಳು ಸೀಮಾ ಬಸ್ ಸ್ಟ್ಯಾಂಡಿನಲ್ಲೇ ಒಂದು ರೊಟ್ಟಿ ಮುರಿದುಕೊಂಡು ಅಗಸಿ ಹಿಂಡಿ ಹಚ್ಚಿ ತಿಂದಳು. ಕಂಡಕ್ಟರ್ ನಕ್ಕ. ಖಾಲಿ ಚೀಲ ವಾಪಸು ಕಳಿಸುವಾಗ ಅದರ ತಳದಲ್ಲಿ ಈ ಪತ್ರ ಇಡುತ್ತಿದ್ದೇನೆ. ಫೋನಿನ ಕಾಲದಲ್ಲಿ ಇದೇನು ಮುದುಕಿಯ ಹಾಗೆ ಪತ್ರ ಎಂದು ನೀವೂ ನಗಬೇಡಿ. ಮನೆಗೆ ಇರುವುದು ಒಂದೇ ಫೋನು, ಅದು ನಿಮ್ಮ ತಮ್ಮನ ಕಿಸೆಯಲ್ಲಿರುತ್ತದೆ. ನಾನು ಹೇಳಬೇಕಾದದ್ದು ಅವರ ಬಗ್ಗೆಯೇ.

ಅಕ್ಕಾ, ಅವರು ದಿನಾ ಕುಡಿಯುತ್ತಿದ್ದಾರೆ.

ಯುಗಾದಿ ಹೊತ್ತಿಗೆ ಪ್ರೆಸ್ಸು ಮುಚ್ಚಿದ್ದು ನಿಮಗೆ ಗೊತ್ತು. ಈಗ ಮದುವೆ ಕಾರ್ಡನ್ನೂ ಮೊಬೈಲಿನಲ್ಲೇ ಕಳಿಸುತ್ತಾರೆ, ಇನ್ನು ಪ್ರೆಸ್ಸು ನಡೆಯುವುದು ಹೇಗೆ? ಮಾಲಕರು ಮಶೀನನ್ನು ಗುಜರಿಗೆ ಹಾಕಿದರು. ಅದನ್ನು ಲಾರಿಗೆ ಏರಿಸಲು ಕೈ ಹಚ್ಚಿದವರು ಇವರೇ. ಮದುವೆಗೆ ಮುಂಚಿನಿಂದ ಎಣ್ಣೆ ಹಾಕಿ, ಒರೆಸಿ, ಮಗುವಿನ ಹಾಗೆ ನೋಡಿಕೊಂಡ ಮಶೀನು. ಅವತ್ತು ಸಂಜೆ ಕುಡಿದು ಬಂದರು. ನಾನು ಊಟಕ್ಕೆ ಬಡಿಸಿದೆ. ಬಯ್ಯುವ ದಿನ ಅದಲ್ಲ ಅನಿಸಿತು.

ಆಮೇಲೆ ಕೆಲಸ ಹುಡುಕುವುದೇ ಕುಡಿಯಲು ದಾರಿಯಾಯಿತು. ಗದಗದಲ್ಲಿ ಯಾವ ಪ್ರೆಸ್ಸಿಗೆ ಹೋದರೂ ಎಲ್ಲರೂ ಗುರುತಿನವರು. "ಬಾರಲೇ ಕನಕಾ, ಕುಂಡ್ರು, ಚಾ ಕುಡಿ" ಅನ್ನುತ್ತಾರೆ. ಕೆಲಸ ಇಲ್ಲ ಎಂದು ಮುಖಕ್ಕೆ ಹೇಳಲು ಬಾಯಿ ಬರುವುದಿಲ್ಲ. ಅದರ ಬದಲು ಸಂಜೆ ಕರೆದುಕೊಂಡು ಹೋಗಿ ಕುಡಿಸುತ್ತಾರೆ. ಅರ್ಜುನ ಅಂತ ಇವರ ಗೆಳೆಯ ಒಬ್ಬನಿದ್ದಾನೆ, ಕಾಗದದ ವ್ಯಾಪಾರಿ. ದಿನ ತಪ್ಪದೆ ಬಂದು ಕರೆಯುತ್ತಾನೆ. ಅವನನ್ನು ಬಯ್ಯೋಣವೆಂದರೆ ಒಳ್ಳೆಯ ಮನುಷ್ಯ, ಸೀಮಾಳ ಶಾಲೆಯ ಪಾಟಿಚೀಲ ತಂದುಕೊಟ್ಟವನು. ಇವರಲ್ಲಿ ಕೆಟ್ಟವರು ಯಾರೂ ಇಲ್ಲ ಅಕ್ಕಾ. ಎಲ್ಲರೂ ಕೂಡಿ ನಿಮ್ಮ ತಮ್ಮನನ್ನು ಪ್ರೀತಿಯಿಂದಲೇ ಕುಡಿಸುತ್ತಿದ್ದಾರೆ.

ಒಂದು ದಿನ ಕೇಳಿದೆ, ಆ ಕುಡಿಯುವ ಅಂಗಡಿಗೆ ಯಾಕೆ ಹೋಗುತ್ತೀರಿ ಎಂದು. "ಈ ಊರಾಗ ಕೆಲಸ ಸಿಕ್ತೇನು ಅಂತ ಕೇಳದ ಜಾಗಾ ಅದೊಂದ ಐತಿ" ಅಂದರು. ನಾನೂ ದಿನಾ ಅದನ್ನೇ ಕೇಳುತ್ತಿದ್ದೆ.

ಈಗ ಬೆಳಿಗ್ಗೆ ಎದ್ದ ಕೂಡಲೇ ಬೇಕು. ಕುಡಿಯದಿದ್ದರೆ ಕೈ ನಡುಗುತ್ತದೆ, ಚಹದ ಕಪ್ಪು ಬಸಿಯ ಮೇಲೆ ಗಡಗಡ ಅನ್ನುತ್ತದೆ. ಸಣ್ಣ ಬಾಟಲಿ ಹೊಟ್ಟೆಗೆ ಬಿದ್ದ ಮೇಲೆ ಕೈ ನಿಲ್ಲುತ್ತದೆ. ಹೊಡೆಯುವುದಿಲ್ಲ, ಬಯ್ಯುವುದಿಲ್ಲ. ಹೊಡೆದಿದ್ದರೆ ಬೆಳ್ಳಟ್ಟಿಯ ತವರಿಗೆ ಹೋಗಿ ಕೂತು ಜಗಳವಾದರೂ ಆಡಬಹುದಿತ್ತು. ನನಗೆ ಅವರ ಭಯವಿಲ್ಲ, ಅವರು ಇಲ್ಲದಂತಾದರೆ ಎನ್ನುವ ಭಯ. ಹೊಲಿಗೆ ಮಶೀನು ತುಳಿಯುವಾಗ ಹೊರಗೆ ಯಾರಾದರೂ ಜೋರಾಗಿ ಮಾತಾಡಿದರೆ ಕಾಲು ನಿಂತುಬಿಡುತ್ತದೆ. ಕೆಟ್ಟ ಖಬರು ತಂದರೇನೋ ಎಂದು.

ಅವರು ಕೇಳುವುದು ನಿಮ್ಮ ಮಾತೊಂದನ್ನೇ. ಏನಾದರೂ ಮಾಡಿ.

ನಿಮ್ಮ
ಮಂಜುಳಾ


ಹಮ್ಮಿಗಿ
೧೭ ಜುಲೈ ೨೦೨೪

ಮಂಜುಳಾ,

ನಿನ್ನ ಪತ್ರ ಎರಡು ಸಲ ಓದಿದೆ. ಒಂದು ಸಲ ಸಿಟ್ಟಿನಲ್ಲಿ, ಇನ್ನೊಂದು ಸಲ ಕನ್ನಡಕ ಹಾಕಿಕೊಂಡು.

ಸಿಟ್ಟಿನದ್ದು ಮೊದಲು ಹೇಳಿಬಿಡುತ್ತೇನೆ. ನನ್ನ ತಮ್ಮ ಕುಡುಕನಲ್ಲ. ದುಡಿಯುವ ಕೈ ಖಾಲಿಯಾದರೆ ಗಂಡಸು ಒಂದಿಷ್ಟು ದಾರಿ ತಪ್ಪುತ್ತಾನೆ, ಹಾಗೆಂದು ಮನೆಯ ಮಾತನ್ನು ಹೀಗೆ ಬರೆದು ಬಸ್ಸಿಗೆ ಹಾಕುತ್ತಾರೇನು? ಆ ಕಂಡಕ್ಟರ್ ಓದು ಬಲ್ಲವನು. ಇನ್ನು ಮುಂದೆ ಪತ್ರ ಇಟ್ಟರೆ ಚೀಲದ ಬಾಯಿ ಹೊಲಿದು ಕಳಿಸು. ಹೊಲಿಗೆಯವಳಿಗೆ ನಾನು ಹೇಳಿಕೊಡಬೇಕೇನು!

ಇನ್ನೊಂದು ಸಲ ಓದಿದಾಗ ನನಗೂ ಜೀವ ಝಲ್ಲೆಂದಿತು. ಅವ್ವ ಸತ್ತಾಗ ಕನಕ ಇನ್ನೂ ತೊದಲು ಮಾತಾಡುತ್ತಿದ್ದ. ಅವನನ್ನು ಕಂಕುಳಲ್ಲಿ ಕೂಡಿಸಿಕೊಂಡೇ ನಾನು ಹೊಳೆಯಿಂದ ನೀರು ತಂದದ್ದು. ಅವನು ನನಗೆ ತಮ್ಮನೂ ಹೌದು, ಚೊಚ್ಚಲ ಮಗನೂ ಹೌದು.

ಈಗ ನಾನು ಹೇಳಿದ ಹಾಗೆ ಮಾಡು. ನಾಗರ ಅಮಾವಾಸ್ಯೆ ರವಿವಾರ ಬಂದಿದೆ. ಮೂವರೂ ಬನ್ನಿ. ಬೀರಪ್ಪನ ಗುಡಿಯಲ್ಲಿ ಕನಕ ಒಂದು ಕೈಯಲ್ಲಿ ದೇವರ ಅರಿಶಿನದ ಭಂಡಾರ ಮುಟ್ಟಿ, ಇನ್ನೊಂದು ಕೈ ಸೀಮಾಳ ತಲೆಯ ಮೇಲಿಟ್ಟು ಬಿಟ್ಟೆ ಅನ್ನಬೇಕು. ಕಾಕಾಗಳು, ಅತ್ತೆ-ಮಾವಂದಿರು, ಎಲ್ಲರಿಗೂ ಹೇಳಿಕಳಿಸುತ್ತೇನೆ. ಅವನ ಹಿಂದೆ ಇಷ್ಟು ಜನ ಇದ್ದಾರೆ ಅನ್ನುವುದು ಅವನ ಕಣ್ಣಿಗೆ ಬೀಳಲಿ.

ನನ್ನ ಗಂಡನದ್ದು ನಿನಗೆ ಗೊತ್ತೇ ಇದೆ. ಅವರೂ ಹೀಗೇ ಭಂಡಾರ ಮುಟ್ಟಿ ಬಿಟ್ಟೆ ಅಂದರು, ಆಮೇಲೆ ಕದ್ದು ಕುಡಿದರು, ವಾರ ತುಂಬುವುದರೊಳಗೆ ದೇವರು ಒಯ್ದ. ಸೀಮಾ ಹುಟ್ಟುವ ಮುಂಚಿನ ಮಾತು. ಊರಿಗೆ ಊರೇ ಕಂಡದ್ದು ಅದು. ಕನಕನೂ ಕಂಡಿದ್ದಾನೆ, ಹೆಣಕ್ಕೆ ಹೆಗಲು ಕೊಟ್ಟವನು ಅವನೇ. ಆದ್ದರಿಂದ ಆಣೆ ಮಾಡಿದರೆ ಮುರಿಯುವುದಿಲ್ಲ. ಆ ಭಯವೇ ಅವನನ್ನು ಕಾಯುತ್ತದೆ.

ಶೇಂಗಾ ಹಿಂಡಿ ಇಟ್ಟಿದ್ದೇನೆ. ಹೊಟ್ಟೆ ತುಂಬ ಉಣಿಸು. ತುಂಬಿದ ಹೊಟ್ಟೆಗೆ ಅದು ಬೇಕೆನಿಸುವುದಿಲ್ಲ.

ಬೀರವ್ವ


ಬೆಟಗೇರಿ
೬ ಆಗಸ್ಟ್ ೨೦೨೪, ಬೆಳಿಗ್ಗೆ

ಅಕ್ಕಾ,

ಈ ಚೀಲ ಈಗಿನ ಬಸ್ಸಿಗೇ ಬರುತ್ತದೆ. ಫೋನು ಮಾಡಬಹುದಿತ್ತು, ಆದರೆ ಅವರು ಪಕ್ಕದಲ್ಲೇ ಇದ್ದಾರೆ, ಸೀಮಾ ಇದ್ದಾಳೆ. ಅವರೆದುರು ಬಾಯಿಬಿಟ್ಟು ಹೇಳುವ ಮಾತಲ್ಲ.

ರವಿವಾರ ಗುಡಿಯಲ್ಲಿ ನೀವೇ ನೋಡಿದಿರಿ, ಎಷ್ಟು ಮನಸ್ಸಿಟ್ಟು ಆಣೆ ಮಾಡಿದರು. ಕಾಕಾಗಳು ಕಣ್ಣು ಒರೆಸಿಕೊಂಡರು. ಬಸ್ಸಿನಲ್ಲಿ ಗದಗ ಮುಟ್ಟುವವರೆಗೆ ಸೀಮಾಳ ಕೈ ಬಿಡಲಿಲ್ಲ. ಮನೆಗೆ ಬಂದು ಬಚ್ಚಲಿನ ಹಂಡೆಯ ಹಿಂದೆ ಇಟ್ಟಿದ್ದ ಬಾಟಲಿಯನ್ನು ತಾವೇ ತೆಗೆದು ಚೆಲ್ಲಿದರು. ಅದು ಅಲ್ಲಿದೆ ಎನ್ನುವುದು ನನಗೇ ಗೊತ್ತಿರಲಿಲ್ಲ. ನಾನು ಅವತ್ತು ಹೋಳಿಗೆ ಮಾಡಿದೆ. ಎಲ್ಲ ಮುಗಿಯಿತು ಅಂದುಕೊಂಡೆ.

ಮುಗಿದಿಲ್ಲ. ನಿನ್ನೆಯಿಂದ ಮೈ ನಡುಗುತ್ತಿದೆ. ಕೈ ಮಾತ್ರವಲ್ಲ, ಇಡೀ ಮೈ. ಅಂಗಿ ಹಿಂಡಿದರೆ ನೀರು ಬರುವಷ್ಟು ಬೆವರು. ತಂಬಿಗೆ ಹಿಡಿಯಲಾಗುವುದಿಲ್ಲ, ನಾನೇ ಬಾಯಿಗೆ ನೀರು ಹಾಕುತ್ತಿದ್ದೇನೆ, ಅದೂ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಬೆಳಗಾದ ಮೇಲೆ ಗೋಡೆ ತೋರಿಸಿ "ಮಂಜುಳಾ, ಇರವಿ ನೋಡ, ಎಷ್ಟ್ ಅದಾವ, ಸೀಮಾನ್ನ ಆಕಡೆ ಕರಕೊ" ಅಂದರು. ಗೋಡೆಯ ಮೇಲೆ ಒಂದು ಇರುವೆಯೂ ಇಲ್ಲ. ಇಲ್ಲ ಅಂದೆ. ನನ್ನನ್ನು ನೋಡಿದರು. ಹಾಗೆ ಅವರು ನನ್ನನ್ನು ಎಂದೂ ನೋಡಿಲ್ಲ, ಗುರುತಿಲ್ಲದವರನ್ನು ನೋಡಿದ ಹಾಗೆ.

ಸೀಮಾಳನ್ನು ಶಾಲೆಗೆ ಬಿಡಲಿಲ್ಲ. "ನನಗ ಮನಸ್ಸಿನ್ಯಾಗ ಕುಡೀಬೇಕು ಅನಸ್ತೈತಿ. ಅನಿಸಿದ್ರೂ ಆಣಿ ಮುರದಂಗ. ಹಾದ್ಯಾಗ ಕೂಸಿಗೆ ಏನರ ಆದ್ರ?" ಎಂದು ಬಾಗಿಲಿಗೆ ಅಡ್ಡ ಕೂತರು. ಮಗಳು ಒಲೆಯ ಹತ್ತಿರ ಮುದುಡಿ ಕೂತಿದ್ದಾಳೆ.

ಆಣೆಯ ಸುದ್ದಿ ಹಬ್ಬಿದ ಮೇಲೆ ಒಬ್ಬ ಗೆಳೆಯನೂ ಈ ಕಡೆ ಹಾಯುವುದಿಲ್ಲ. ಅರ್ಜುನ ನಿನ್ನೆ ನಮ್ಮ ಓಣಿಗೆ ಬಂದವನು ಇವರನ್ನು ಕಂಡು ಹಿಂದಿರುಗಿದ. ತನ್ನಿಂದ ಆಣೆ ಮುರಿಯಬಾರದು ಎಂದು, ಮರ್ಯಾದೆಗೇ. ಕುಡಿತ ಬಿಟ್ಟರು ಸರಿ, ಅದರ ಜೊತೆ ಮಾತಾಡುವ ಜನವೂ ಹೋಯಿತು.

ರಮೀಜ ಒಬ್ಬನೇ ಬರುವುದು. ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುತ್ತಿದ್ದವನು, ಈಗ ಹಣ್ಣಿನ ಗಾಡಿ ಇಟ್ಟಿದ್ದಾನೆ, ನಮ್ಮ ಪಕ್ಕದ ಮನೆ. ಈಗಷ್ಟೇ ಬಂದು ನೋಡಿ "ವೈನಿ, ಇದು ನೆಟ್ಟಗಿಲ್ಲ, ದವಾಖಾನಿಗೆ ಒಯ್ಯೋಣ್ರಿ" ಅಂದ. ನಾನು ಏನು ಹೇಳಲಿ? ದವಾಖಾನೆಯ ಔಷಧದಲ್ಲೂ ಅದೇ ಇರುತ್ತದೆ, ಅದು ಬಾಯಿಗೆ ಬಿದ್ದರೂ ಆಣೆ ಹೋಯಿತು ಎಂದು ಪೂಜಾರಿ ಹೇಳಿದ್ದಾನೆ. ಸೀಮಾಳ ತಲೆಯ ಮೇಲಿನ ಆಣೆ ಅಕ್ಕಾ. ಒಯ್ದರೆ ಮಗಳಿಗೆ ಏನಾಗುತ್ತದೋ, ಒಯ್ಯದಿದ್ದರೆ ಇವರಿಗೆ ಏನಾಗುತ್ತದೋ. ನನಗೆ ತುಂಬ ಹೆದರಿಕೆಯಾಗಿದೆ. ಒಯ್ಯಲೋ ಬೇಡವೋ, ಬೇಗ ಹೇಳಿ.

ಮಂಜುಳಾ


ಹಮ್ಮಿಗಿ
೭ ಆಗಸ್ಟ್ ೨೦೨೪

ಮಂಜುಳಾ,

ಒಯ್ಯಬೇಡ.

ಅವನು ಕದ್ದು ಕುಡಿದಿದ್ದಾನೆ. ಅದಕ್ಕೇ ಹೀಗಾಗಿದೆ. ನಮ್ಮ ಮನೆಯವರಿಗೂ ಹೀಗೇ ಆಗಿತ್ತು. ಅವರಿಗೂ ನಡುಗು ಬಂತು, ಬೆವರಿದರು, ಗೋಡೆಯ ಮೇಲೆ ಏನೇನೋ ಕಂಡರು. "ಕುಡದಿಲ್ಲೇ ಬೀರವ್ವ, ನಿನ್ನಾಣಿ" ಎಂದು ಕೊನೆಯವರೆಗೂ ಸುಳ್ಳು ಹೇಳಿದರು. ಕನಕನನ್ನು ಗದರಿಸಿ ಕೇಳು. ಒಪ್ಪಿಕೊಂಡರೆ ದೇವರು ಬಿಟ್ಟಾನು.

ಪೊಟ್ಟಣದಲ್ಲಿ ಭಂಡಾರ ಇದೆ. ಹಣೆಗೆ ಹಚ್ಚು, ಎದೆಗೆ ಹಚ್ಚು, ನೀರಿನಲ್ಲಿ ಕದಡಿ ಕುಡಿಸು. ಓಣಿಯವರಿಗೆ ತಿಳಿಯುವುದು ಬೇಡ, ಬಾಗಿಲು ಹಾಕಿಕೊ. ನಿನ್ನೆಯಿಂದ ಗುಡಿಯ ಕಟ್ಟೆಯ ಮೇಲೇ ಕೂತಿದ್ದೇನೆ. ಶನಿವಾರ ಪೂಜೆ ಮುಗಿಸಿ ನಾನೇ ಬರುತ್ತೇನೆ.

ಬೀರವ್ವ


ಬೆಟಗೇರಿ
೧೯ ಆಗಸ್ಟ್ ೨೦೨೪

ಬೀರವ್ವ ಅಕ್ಕನವರಿಗೆ,

ನಿಮ್ಮ ಭಂಡಾರದ ಪೊಟ್ಟಣ ಬಂದ ದಿನ ಬಸ್ ಸ್ಟ್ಯಾಂಡಿಗೆ ಹೋಗಿ ಚೀಲ ಬಿಡಿಸಿಕೊಂಡವಳು ರಮೀಜನ ಹೆಂಡತಿ ಗುಲ್ನಾಜ. ನಾನು ಆಗ ಆಸ್ಪತ್ರೆಯಲ್ಲಿದ್ದೆ. ಮರುದಿನ ನೀವು ಫೋನು ಮಾಡಿದಾಗ "ಆರಾಮ್ ಅದಾರ, ಮಲಗ್ಯಾರ, ನೀವು ಬರೂದ ಬ್ಯಾಡ" ಅಂದದ್ದು ನಾನೇ. ಅದು ಸುಳ್ಳು. ನೀವು ಬಂದರೆ ಅವರನ್ನು ಎಬ್ಬಿಸಿಕೊಂಡು ಗುಡಿಗೆ ಒಯ್ಯುತ್ತೀರಿ ಎಂದು ಹೆದರಿದ್ದೆ. ಈಗ ಎಲ್ಲ ಹೇಳುತ್ತೇನೆ. ಕೂತು ಓದಿ.

ನಾನು ಪತ್ರ ಬಸ್ಸಿಗೆ ಹಾಕಿ ಬಂದ ದಿನವೇ, ಊಟದ ಹೊತ್ತು. ಅಕ್ಕಿ ಆರಿಸುತ್ತಿದ್ದೆ. ಹಿಂದೆ ದಪ್ಪೆಂದು ಸದ್ದಾಯಿತು. ತಿರುಗಿ ನೋಡಿದರೆ ಅವರು ನೆಲದ ಮೇಲೆ, ಕೈಕಾಲು ಸೆಟೆದುಕೊಂಡು, ಬಾಯಿಯಲ್ಲಿ ನೊರೆ, ನಾಲಿಗೆ ಕಚ್ಚಿ ರಕ್ತ. ಸೀಮಾ ಕಿರುಚಿದ್ದು "ಅಪ್ಪಾ" ಎಂದಲ್ಲ ಅಕ್ಕಾ. "ನಾ ಸಾಯೂದಿಲ್ಲಪಾ, ನನಗೇನೂ ಆಗಿಲ್ಲಪಾ" ಎಂದು ಕಿರುಚುತ್ತಿದ್ದಳು. ಆಣೆ ಅವಳ ತಲೆಯ ಮೇಲೆ ಇತ್ತಲ್ಲ, ಅಪ್ಪ ಅದಕ್ಕೇ ಹೆದರಿ ಬಿದ್ದ ಅಂದುಕೊಂಡಿದ್ದಳು.

ಬಾಗಿಲು ಹಾಕಿಕೊಳ್ಳಬೇಕೋ ತೆರೆಯಬೇಕೋ ಎಂದು ಒಂದು ಗಳಿಗೆ ನಿಂತೆ. ಆಮೇಲೆ ತೆರೆದೆ. ಓಣಿಯ ತುಂಬ ಕೇಳುವಂತೆ ಕೂಗಿದೆ. ರಮೀಜ ಹಣ್ಣಿನ ಗಾಡಿ ನಡುರಸ್ತೆಯಲ್ಲಿ ಬಿಟ್ಟು ಬಂದ. ಗುಲ್ನಾಜ ಆಟೋ ತಂದಳು. ಅರ್ಜುನ ಎಲ್ಲಿದ್ದನೋ ಏನೋ, ಓಡಿಬಂದು ಕಾಲು ಹಿಡಿದುಕೊಂಡು ಆಟೋಗೆ ಹತ್ತಿಸಿದ. ಅವನು ಅಳುತ್ತಿದ್ದ.

ದೊಡ್ಡ ಆಸ್ಪತ್ರೆಯ ಡಾಕ್ಟರು ಹೆಂಗಸು, ವಯಸ್ಸಿನವರು. ಇವರು ಕದ್ದು ಕುಡಿದಿದ್ದಾರೇನೋ ಎಂದೆ. ನಿಮ್ಮ ಪತ್ರ ಬರುವ ಮುಂಚೆಯೇ ನನ್ನ ಮನಸ್ಸಿನಲ್ಲೂ ಅದೇ ಇತ್ತು ನೋಡಿ. ಅವರು "ಇಲ್ಲವಾ, ಕುಡದಿಲ್ಲ. ಬಿಟ್ಟಾನ, ಅದಕ್ಕ ಹಿಂಗಾಗೇತಿ" ಅಂದರು. ಅಷ್ಟು ದಿನ ಬಿಡದೆ ಕುಡಿದ ಮೈ ಒಮ್ಮೆಲೇ ಬಿಟ್ಟರೆ ತಡೆದುಕೊಳ್ಳುವುದಿಲ್ಲವಂತೆ. ಬಿಡಿಸಲೇಬೇಕು, ಆದರೆ ಔಷಧ ಕೊಟ್ಟು, ಕಣ್ಣಿಟ್ಟು ಬಿಡಿಸಬೇಕು. ಇನ್ನೊಂದಿಷ್ಟು ತಡವಾಗಿದ್ದರೆ ಜೀವ ಉಳಿಯುತ್ತಿರಲಿಲ್ಲ ಅಂದರು. ನಾಲ್ಕಾರು ದಿನ ಕೈಕಾಲು ಮಂಚಕ್ಕೆ ಕಟ್ಟಿದ್ದರು. ನನ್ನನ್ನು ಗುರುತಿಸಲಿಲ್ಲ. ಮಶೀನು ನಿಲ್ಲಿಸು, ಕಾಗದ ಹರಿಯುತ್ತಿದೆ ಎಂದು ಕೂಗುತ್ತಿದ್ದರು.

ಈಗ ಗುರುತಿಸುತ್ತಾರೆ. ನಿನ್ನೆ ಮನೆಗೆ ಕರೆತಂದೆವು. ಗಂಜಿ ಕುಡಿದಿದ್ದಾರೆ.

ಅಕ್ಕಾ, ನಿಮ್ಮ ಪತ್ರದಲ್ಲಿ ನಿಮ್ಮ ಮನೆಯವರ ನಡುಗು, ಬೆವರು, ಗೋಡೆಯ ಮಾತು ಬರೆದಿದ್ದಿರಿ. ಅದನ್ನು ಡಾಕ್ಟರಿಗೆ ಓದಿ ಹೇಳಿದೆ. ಅವರು ಏನು ಹೇಳಿದರು ಎನ್ನುವುದನ್ನು ನಾನು ಬರೆಯುವುದಿಲ್ಲ. ಬಂದು ನೀವೇ ಕೇಳಿ.

ಇನ್ನೊಂದು ಮಾತು. ಮುಂದೆ ಒಂದು ದಿನ ಕಾಲು ಜಾರಬಹುದು, ಜಾರಿದರೆ ಅವತ್ತೇ ಮನೆಯವರಿಗೆ ಹೇಳಿ ಆಸ್ಪತ್ರೆಗೆ ಬರಬೇಕು, ಮುಚ್ಚಿಟ್ಟರೆ ಜೀವಕ್ಕೆ ಎರವು ಎಂದಿದ್ದಾರೆ. ಮಗಳ ತಲೆಯ ಮೇಲೆ ಆಣೆ ಇಟ್ಟುಕೊಂಡು ಯಾವ ಅಪ್ಪ ಬಂದು ಹೇಳುತ್ತಾನೆ? ಮುಚ್ಚಿಟ್ಟೇ ಸಾಯುತ್ತಾನೆ. ಆಣೆ ಹಾಕಿದವರು ನೀವು. ಅದನ್ನು ನೀವೇ ಇಳಿಸಬೇಕು.

ಸಿಟ್ಟು ಬಂದರೆ ಬರಲಿ.

ಮಂಜುಳಾ


ಹಮ್ಮಿಗಿ
೪ ಸೆಪ್ಟೆಂಬರ್ ೨೦೨೪

ಮಂಜುಳಾ,

ಹೋದ ವಾರ ನಾನು ಬಂದು ಹೋದಾಗ ನಿನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆಸ್ಪತ್ರೆಯಿಂದ ನೆಟ್ಟಗೆ ಬಸ್ಸು ಹತ್ತಿದೆ. ಸೊಕ್ಕು ಅಂದುಕೊಂಡಿರಬೇಕು ನೀನು. ಸೊಕ್ಕಲ್ಲ. ಬಾಯಿ ತೆರೆದರೆ ರಸ್ತೆಯ ಮೇಲೇ ಅಳುತ್ತಿದ್ದೆ.

ಆ ಡಾಕ್ಟರಮ್ಮ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ನಾಲ್ಕು ಮಾತು ತಿರುಗಿ ಅನ್ನಬಹುದಿತ್ತು. ಎಲ್ಲ ಕೇಳಿ, ನನ್ನ ಕೈ ಹಿಡಿದುಕೊಂಡು "ನಿಮ್ಮ ಯಜಮಾನ್ರು ಮಾತು ಉಳಿಸಿಕೊಂಡಿದ್ರು ಅನಸ್ತೈತಿ" ಅಂದರು.

ಅವರು ಕುಡಿದಿರಲಿಲ್ಲ ಮಂಜುಳಾ. ನೀರು ಕೇಳಿದರು, ಮೊದಲು ಒಪ್ಪಿಕೊ ಅಂದೆ. ಇಷ್ಟು ವರ್ಷ ಅವರ ಫೋಟೋಗೆ ನಾನು ಹೂವು ಏರಿಸಿಲ್ಲ, ಆಣೆ ಮುರಿದವನು ಎಂದು. ಬಂದ ದಿನ ಏರಿಸಿದೆ. ಅವರು ಫೋಟೋದಲ್ಲಿ ನಗುತ್ತಾರೆ. ನೋಡಲಾಗದೆ ಹೊರಗೆ ಬಂದು ಕೂತೆ.

ನಿನ್ನ ಕೆಲಸ ಮಾಡಿದ್ದೇನೆ. ಬೆನಕನ ಅಮಾವಾಸ್ಯೆಯ ದಿನ ಗುಡಿಗೆ ಹೋಗಿ ಪೂಜಾರಿ ದೇವಪ್ಪನಿಗೆ ಆಣೆ ಬಿಡಿಸು ಅಂದೆ. "ಭಂಡಾರದ ಆಣಿ ಬಿಡಸಾಕ ಬರೂದಿಲ್ಲ ಬೀರವ್ವ. ಬೇಕಾದ್ರ ಮತ್ತೊಬ್ಬರು ಹೊರಬೇಕು" ಅಂದ. "ತಾ ಹಂಗಾರ" ಅಂದೆ. ಅವನು ನಗೆಚಾಟಿಕೆ ಎಂದುಕೊಂಡ. ನಾನು ಕೈ ಚಾಚಿ ಭಂಡಾರ ಮುಟ್ಟಿ ನನ್ನ ತಲೆಗೇ ಹಚ್ಚಿಕೊಂಡೆ. ಕನಕ ತಪ್ಪಿದರೆ ನನಗಿರಲಿ, ಆ ಕೂಸಿಗೆ ಬೇಡ. ತಪ್ಪಿದ ದಿನ ಅವನು ಬಾಯಿಬಿಟ್ಟು ಹೇಳಬೇಕು, ಅದೊಂದೇ ನನ್ನ ಕರಾರು ಎಂದು ದೇವರಿಗೆ ಹೇಳಿದೆ.

ಇದನ್ನೂ ತಪ್ಪು ಅನ್ನುತ್ತೀ, ಗೊತ್ತು. ಹುಟ್ಟಿದಾಗಿನಿಂದ ನಂಬಿದ್ದನ್ನು ಒಂದೇ ದಿನದಲ್ಲಿ ಬಿಟ್ಟುಬಿಡು ಅಂದರೆ ನನಗೂ ಮೈ ನಡುಗುತ್ತದೆ. ನನ್ನ ಕೈಲಾದಷ್ಟು ಇದು. ಸೀಮಾಳಿಗೆ ಹೇಳು, ನಿನ್ನ ತಲೆಯ ಮೇಲೆ ಈಗ ಎಣ್ಣೆ ಬಿಟ್ಟು ಬೇರೇನೂ ಇಲ್ಲ ಎಂದು.

ಗುಲ್ನಾಜಳಿಗೂ ಸೇರಿಸಿ ರೊಟ್ಟಿ ಬಡಿದಿದ್ದೇನೆ. ಕೊಡು.

ಬೀರವ್ವ


ಬೆಟಗೇರಿ
೧೧ ನವೆಂಬರ್ ೨೦೨೪

ಅಕ್ಕಾ,

ಕನಕರಾಜನ ನಮಸ್ಕಾರ. ಸಾಲಿ ಬಿಟ್ಟ ಮೇಲೆ ನಾನು ಪತ್ರ ಬರೆದದ್ದಿಲ್ಲ. ಬೇರೆಯವರು ಬರೆದದ್ದನ್ನು ಅಚ್ಚು ಹಾಕಿದ್ದೇ ಆಯಿತು. ತಪ್ಪಿದ್ದರೆ ತಿದ್ದಿ ಓದಿಕೊ.

ನಿನ್ನೆ ಕುಡಿದೆ.

ಮುಂಜಾನೆ ಲಕ್ಷ್ಮೇಶ್ವರಕ್ಕೆ ಹೋಗಿದ್ದೆ. ಅಲ್ಲಿ ಒಂದು ಪ್ರೆಸ್ಸಿನಲ್ಲಿ ಮಶೀನಿಗೆ ಆಳು ಬೇಕು ಎಂದು ಅರ್ಜುನ ಹೇಳಿದ್ದ. ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ಮಾಲಕರು ಒಳ್ಳೆಯ ಮಾತಾಡಿದರು, ಮಶೀನು ತೋರಿಸಿದರು, ನಾನು ಒಂದು ಕಡೆ ಸದ್ದು ಹಿಡಿದು ಬೇರಿಂಗ್ ಹೋಗಿದೆ ಅಂದೆ, ಖುಷಿಪಟ್ಟರು. ಆಮೇಲೆ ನನ್ನ ಕೈ ನೋಡಿದರು. ಅದು ಈಗಲೂ ಸ್ವಲ್ಪ ನಡುಗುತ್ತದೆ. "ಖಬರ ಮಾಡ್ತೀವಿ ತಗೋರಿ" ಅಂದರು. ಆ ಮಾತಿನ ಅರ್ಥ ನನಗೆ ಗೊತ್ತು. ಬಸ್ಸಿನ ದಾರಿ ಕಾಯುವಾಗ ಎದುರಿಗೇ ಅಂಗಡಿ ಇತ್ತು. ಕುಡಿಯುವಾಗ ನಿನ್ನ ಮುಖ ಕಣ್ಣ ಮುಂದೆಯೇ ಇತ್ತು. ಆದರೂ ಕುಡಿದೆ.

ಬಸ್ಸಿನಲ್ಲಿ ಕೂತಾಗ ಮೊದಲು ಹೊಳೆದದ್ದು ಯಾರಿಗೂ ಹೇಳಬಾರದು ಎಂದು. ವಾಸನೆ ಹೋಗಲೆಂದು ಏಲಕ್ಕಿ ತಿಂದೆ. ಶಿರಹಟ್ಟಿ ಹತ್ತಿರ ಬಂದಾಗ ಹೆದರಿಕೆ ಶುರುವಾಯಿತು. ಅಕ್ಕನಿಗೆ ಏನಾದರೂ ಆಗಿದ್ದರೆ? ಹೊಳೆಗೆ ಹೋಗಿದ್ದರೆ, ಹಾವು ಕಚ್ಚಿದ್ದರೆ? ಫೋನು ಕೈಯಲ್ಲೇ ಇತ್ತು. ಹಚ್ಚಲು ಧೈರ್ಯ ಬರಲಿಲ್ಲ. ನೀನಲ್ಲದೆ ಬೇರೆ ಯಾರಾದರೂ ಎತ್ತಿದರೆ ಎಂದು.

ಮನೆಗೆ ಬಂದು ಚಪ್ಪಲಿ ಬಿಡುವ ಮುಂಚೆಯೇ ಮಂಜುಳಾಗೆ ಹೇಳಿದೆ. ಅವಳು ಅತ್ತಳು, ಆಮೇಲೆ ರಮೀಜನನ್ನು ಕರೆದಳು. ಮೂವರೂ ಆಸ್ಪತ್ರೆಗೆ ಹೋದೆವು. ಗುಳಿಗೆ ಕೊಟ್ಟಿದ್ದಾರೆ. ಗುರುವಾರ ಅಲ್ಲಿ ಕುಡಿತ ಬಿಟ್ಟವರೆಲ್ಲ ಕೂಡುತ್ತಾರೆ, ಮನೆಯವರನ್ನೂ ಕರೆದುಕೊಂಡು ಬಾ ಎಂದಿದ್ದಾರೆ. ಅಲ್ಲಿಯೂ ನನ್ನ ಬಾಯಿಂದಲೇ ಹೇಳಬೇಕು. ನೀನು ಪಕ್ಕದಲ್ಲಿ ಕೂತರೆ ಹೇಳುತ್ತೇನೆ.

ನೀನು ನೆಟ್ಟಗಿದ್ದೀಯೇನು? ನಿನ್ನ ಕೈಯಿಂದಲೇ ಬರೆ. ಬೇರೆಯವರ ಕೈಯಲ್ಲಿ ಬರೆಸಬೇಡ. ನಿನಗೇನಾದರೂ ಆಗಿದ್ದರೆ ಇನ್ನು ಮುಂದೆ ನನ್ನ ಬಾಯಿಂದ ಸತ್ಯ ಬರುವುದಿಲ್ಲ ಅಕ್ಕಾ, ಅಷ್ಟು ಹೆದರಿದ್ದೇನೆ.

ನಿನ್ನ ತಮ್ಮ
ಕನಕ


ಹಮ್ಮಿಗಿ
೧೩ ನವೆಂಬರ್ ೨೦೨೪

ಕನಕಾ,

ನಾನು ಗುಂಡುಕಲ್ಲಿನ ಹಾಗೆ ಇದ್ದೇನೆ. ಇದು ನನ್ನದೇ ಕೈ, ಅಕ್ಷರ ನೋಡು, ನಿನ್ನ ಹಾಗೆ ಕೋಳಿ ಕಾಲಿನದ್ದಲ್ಲ. ಹೇಳಿದೆಯಲ್ಲ, ಅಷ್ಟು ಸಾಕು ನನಗೆ. ಕುಡಿದದ್ದಕ್ಕೆ ಬಯ್ಯುವುದಿದೆ, ಅದನ್ನು ಎದುರಿಗೇ ಬಯ್ಯುತ್ತೇನೆ. ನಾಳೆ ಮೊದಲ ಬಸ್ಸಿಗೆ ಬರುತ್ತೇನೆ. ಪಕ್ಕದಲ್ಲೇ ಕೂಡುತ್ತೇನೆ.

ಅಕ್ಕ


ಹಮ್ಮಿಗಿ
೧೩ ನವೆಂಬರ್ ೨೦೨೪

ಮಂಜುಳಾ,

ಇದನ್ನು ಜಂಪರಿನ ಬಟ್ಟೆಯ ಮಡಿಕೆಯೊಳಗೆ ಇಟ್ಟಿದ್ದೇನೆ. ಹೊಲಿಗೆಯ ಬಟ್ಟೆಯನ್ನು ಕನಕ ಮುಟ್ಟುವುದಿಲ್ಲ. ಓದಿ ಒಲೆಗೆ ಹಾಕು.

ರವಿವಾರ ಸಂಜೆ ಹಿತ್ತಲಲ್ಲಿ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದೆ. ಎಡಗೈ ಮುರಿದಿದೆ. ಮುಂಡರಗಿಗೆ ಒಯ್ದು ಪ್ಲಾಸ್ಟರು ಹಾಕಿಸಿದರು. ಅವತ್ತೇ ದೇವಪ್ಪ ಬಂದು ಬಾಗಿಲಲ್ಲಿ ನಿಂತು "ಗದಗದಾಗ ಎಲ್ಲಾ ಬರೋಬ್ಬರಿ ಐತೇನು ಬೀರವ್ವ?" ಎಂದು ಕೇಳಿದ. ಎಲ್ಲ ಬರೋಬ್ಬರಿ ಇದೆ ಎಂದು ಗದರಿಸಿ ಕಳಿಸಿದೆ. ಮರುದಿನ ಕನಕನ ಪತ್ರ ಬಂತು. ಅವನು ಕುಡಿದದ್ದೂ ಅದೇ ರವಿವಾರ ಎಂದು ತಿಳಿದು ತಾರೀಖನ್ನು ಮತ್ತೆ ಮತ್ತೆ ನೋಡಿದೆ.

ಕಲ್ಲಿನ ಮೇಲೆ ಪಾಚಿ ಇತ್ತು. ಕತ್ತಲಾಗುತ್ತಿತ್ತು. ನನಗೆ ವಯಸ್ಸಾಗಿದೆ. ಇಷ್ಟೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಒಮ್ಮೊಮ್ಮೆ ನಂಬುತ್ತೇನೆ, ಒಮ್ಮೊಮ್ಮೆ ಇಲ್ಲ. ಹೆದರಿಕೆಯಾಗಿದೆ ಮಂಜುಳಾ, ನಿನ್ನೆದುರು ಸುಳ್ಳು ಯಾಕೆ?

ಆದರೆ ನನ್ನ ಹೆದರಿಕೆ ನನಗಿರಲಿ. ನಾಳೆ ಅವನು ನನ್ನ ಕೈ ನೋಡುತ್ತಾನೆ. ಯಾವತ್ತು ಬಿದ್ದೆ ಎಂದು ಕೇಳುತ್ತಾನೆ. ಶುಕ್ರವಾರ ಬಿದ್ದೆ ಅನ್ನುತ್ತೇನೆ. ಅವನು ನಿನ್ನ ಮುಖ ನೋಡುತ್ತಾನೆ. ನೀನೂ ಹೌದು, ಶುಕ್ರವಾರ, ಗುಲ್ನಾಜಳ ಫೋನಿಗೆ ಖಬರು ಬಂದಿತ್ತು, ನೀವು ಹೆದರುತ್ತೀರಿ ಎಂದು ನಾನೇ ಹೇಳಲಿಲ್ಲ ಅನ್ನು. ಗುಲ್ನಾಜಳಿಗೂ ಹೇಳಿಡು. ಸೀಮಾಳಿಗೂ ಶುಕ್ರವಾರ ಅಂತಲೇ ಹೇಳು. ನಗುತ್ತ ಹೇಳು, ನೀನು ಅಳಬುರುಕಿ, ಮುಖದ ಮೇಲೆ ಎಲ್ಲ ಬರೆದಿರುತ್ತದೆ.

ಆಣೆಯ ಭಯಕ್ಕೆ ಒಬ್ಬರನ್ನು ಕಳಕೊಂಡಿದ್ದೇನೆ. ಇವನು ಇನ್ನೊಂದು ದಿನ ಕುಡಿದರೂ ಬಂದು ಹೇಳುವ ಹಾಗಿರಬೇಕು.

ನಾನು ಬಿದ್ದದ್ದು ಶುಕ್ರವಾರ.

ಬೀರವ್ವ